ಬಾವಿ ಪತ್ನಿ

ತಾನು ಮದುವೆಯಾಗಬೇಕೆಂದಿದ್ದ ಹುಡುಗಿಯ ಲಗ್ನಪತ್ರಿಕೆಯನ್ನು ತಾನೇ ತಿದ್ದುವ ಪಾಡು ಯಾರಿಗೂ ಬೇಡ. ಮೇಷ್ಟ್ರಿಗೆ ಬಂದಿತ್ತು. ಮೇಷ್ಟ್ರೆಂದರೆ ಪಾಠ ಹೇಳುವವರಲ್ಲ. ಹನ್ನೊಂದು ವರ್ಷದಿಂದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದವರಿಗೆ ಜೊತೆಯವರು ಕಟ್ಟಿದ ಹೆಸರು. ಹುಡುಗಿ ಪ್ರೆಸ್ಸಿನ ಯಜಮಾನರ ಒಬ್ಬಳೇ ಮಗಳು. ಅವಳ ಮೇಲೂ, ಅವಳ ಜೊತೆಗೆ ಬರಲಿದ್ದ ಯಜಮಾನರ ಕುರ್ಚಿಯ ಮೇಲೂ ಮೇಷ್ಟ್ರು ಕಣ್ಣಿಟ್ಟಿದ್ದರು. ಯಾವುದರ ಮೇಲೆ ಮೊದಲು ಎಂದು ಕೇಳಿದ್ದರೆ ಸ್ವಲ್ಪ ತಡವರಿಸುತ್ತಿದ್ದರೇನೋ. ಅವರ ಹಾಸ್ಯಕ್ಕೆ ಅವಳು ಎರಡು ಸಲ ನಕ್ಕಿದ್ದಳು, ಅದು ಅವರಿಗೆ ಸಾಕಾಗಿತ್ತು.

ಅಷ್ಟರಲ್ಲಿ ಕಾಗದದ ವ್ಯಾಪಾರಿಯ ಮಗ ಅಡ್ಡ ಬಂದ, ಅವಳ ಜೊತೆ ಅವನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಒಕ್ಕಣೆಯನ್ನು ಕೈಯಾರೆ ಬರೆದು ತಂದವನೂ ಅವನೇ. "ಸುಬ ವಿವಾಹ" ಎಂದು ಶುರುವಾಗಿ ಒಂದೇ ಪುಟದಲ್ಲಿ ಒಂಬತ್ತು ತಪ್ಪು.

"ನೀವೇ ನೋಡ್ಕೊಳ್ಳಿ ಮೇಷ್ಟ್ರೇ. ನಂಗೂ ಮಹಾಪ್ರಾಣಕ್ಕೂ ಆಗಿಬರಲ್ಲ," ಎಂದು ಬೆನ್ನು ತಟ್ಟಿ ಹೋದ.

ಮೇಷ್ಟ್ರಿಗೆ ಹೊಟ್ಟೆ ಉರಿದುಹೋಯಿತು. ಕಾಗುಣಿತ ಬಾರದವನಿಗೆ ಅಂಥ ಹುಡುಗಿ, ಅಂಥ ಪ್ರೆಸ್ಸು. ಪತ್ರಿಕೆ ತಿದ್ದಿ ಅಚ್ಚಿಗೆ ಕಳಿಸಿದರು. ಅವನ ಕೈಬರಹದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮುಂದಿನದೆಲ್ಲ ಸಲೀಸು. ಅಳಿಯನಾಗಲಿರುವವನು ಗೆಳೆಯನಿಗೆ ಬರೆಯುತ್ತಾ ಅರ್ಧಕ್ಕೆ ಬಿಟ್ಟಂತೆ ಕಾಣುವ ಒಂದು ಸುಳ್ಳು ಕಾಗದ ಸೃಷ್ಟಿಸಿದರಾಯಿತು. ಅರ್ಧಕ್ಕೇ ನಿಂತರೆ ಸಹಿಯ ಕಾಟವಿಲ್ಲ. ಹಾಳೆ ಅವನಪ್ಪನ ಗೋದಾಮಿನದೇ, ಪ್ರೆಸ್ಸಿನ ಮೂಲೆಯಲ್ಲಿ ರಾಶಿ ಬಿದ್ದಿತ್ತು. ನಾಲ್ಕು ದಿನ ಮನೆಯಲ್ಲಿ ಕೂತು ಅವನ ಅಕ್ಷರ ಕಲಿತರು. 'ಳ' ಒಂದೇ ಸ್ವಲ್ಪ ಸತಾಯಿಸಿತು. ಆದರೆ ನಿಜವಾದ ಜಾಣತನ ಇದ್ದದ್ದು ತಪ್ಪುಗಳಲ್ಲಿ. ಶುದ್ಧ ಕನ್ನಡದ ಕಾಗದ ಕಂಡರೆ ಯಜಮಾನರಿಗೆ ಯಾರ ಮೇಲೆ ಅನುಮಾನ ಬರುತ್ತದೆಂದು ಅವರಿಗೆ ಗೊತ್ತಿಲ್ಲವೇ?

"ಬಾವಿ ಪತ್ನಿ ಸಾದು," ಎಂದು ಬರೆದರು. "ಮುದುಕ ಕಣ್ಣು ಮುಚ್ಚಿದ ಮರುದಿನವೇ ಪ್ರೆಸ್ಸು ಮಾರಿಬಿಡೋಣ. ಹಾಸ್ತಿಯೆಲ್ಲ ನಂದೇ." ಪರರ ಕೈಬರಹ ಕದಿಯುವಾಗ ಹಿಂಜರಿಯದ ಕೈ 'ಬಾವಿ' ಎಂದು ಬರೆದೊಡನೆ ಕೆಂಪು ಪೆನ್ನಿನತ್ತ ಹೋಯಿತು. ಹಲ್ಲು ಕಚ್ಚಿ ಹಾಗೇ ಬಿಟ್ಟರು. ಎಣಿಸಿ ಏಳು ತಪ್ಪು, ಒಂದೊಂದೂ ಅವನದೇ ಜಾಯಮಾನದ್ದು.

ಅದೃಷ್ಟವೂ ಕೈಹಿಡಿಯಿತು. ಕಾಗದದ ನಮೂನೆಗಳ ಫೈಲನ್ನು ಅವನು ಯಜಮಾನರ ಮೇಜಿನ ಮೇಲೇ ಮರೆತು ಹೋದ. ಮೇಷ್ಟ್ರು ಊಟದ ಹೊತ್ತಿಗೆ ಅದರೊಳಗೆ ಕಾಗದ ತೂರಿಸಿದರು. ಸಂಜೆ ನಾಲ್ಕಕ್ಕೆ ಒಳಗಿನಿಂದ ಕರೆ ಬಂತು.

ಯಜಮಾನರ ಮುಖ ಕಪ್ಪಿಟ್ಟಿತ್ತು. ಮಗಳು ಕಿಟಕಿಯ ಹತ್ತಿರ ನಿಂತು ಅತ್ತು ಮುಗಿಸಿದ್ದಳು. ಮೇಷ್ಟ್ರಿಗೆ ಅಯ್ಯೋ ಎನಿಸಿತು, ಆದರೂ ಆ ಕುರ್ಚಿಯ ಒರಗುದಿಂಬಿನ ಬಟ್ಟೆ ಬದಲಾಯಿಸಬೇಕು ಎಂಬ ಯೋಚನೆಯೂ ಬಂತು.

"ಇದನ್ನ ಓದಿ ಮೇಷ್ಟ್ರೇ. ಈ ಸಂಬಂಧ ಬೇಡ ಅಂತ ಈಗ್ಲೇ ಹೇಳಿಕಳಿಸ್ತೀನಿ," ಎಂದರು ಯಜಮಾನರು.

ಮೇಷ್ಟ್ರು ನಿಧಾನವಾಗಿ ಓದಿದರು. ಹುಬ್ಬು ಏರಿಸಬೇಕಾದಲ್ಲಿ ಏರಿಸಿದರು. ಕೊನೆಗೆ ನಿಟ್ಟುಸಿರಿಟ್ಟು, "ಇಂಥವರೂ ಇರ್ತಾರಲ್ಲ ಸರ್," ಎಂದು ಕಾಗದ ಮಡಚಿ ಚಾಚಿದರು.

ಯಜಮಾನರು ಕೈ ಚಾಚಲಿಲ್ಲ. ಮೇಷ್ಟ್ರ ಜೇಬಿನಲ್ಲಿದ್ದ ಕೆಂಪು ಪೆನ್ನನ್ನೇ ನೋಡುತ್ತಿದ್ದರು. "ಮೊನ್ನೆ ನಮ್ಮನೆಯವಳು ಬರೆದ ದಿನಸಿ ಚೀಟಿ ನಿಮ್ಮ ಕೈಗೆ ಕೊಟ್ಟೆ. ಮಾತಾಡ್ತಾ ಮಾತಾಡ್ತಾ ಅದನ್ನೂ ತಿದ್ದಿ ಕೊಟ್ರಿ," ಎಂದರು ಮೆಲ್ಲಗೆ. "ಇದ್ರಲ್ಲಿ ಆರೋ ಏಳೋ ತಪ್ಪು ನಂಗೇ ಕಣ್ಣಿಗೆ ಹೊಡೀತಿದೆ. ನೀವು ಪೆನ್ನಿಗೆ ಕೈನೇ ಹಾಕ್ಲಿಲ್ವಲ್ಲ, ಮೇಷ್ಟ್ರೇ?"