ಬ್ರಶ್ ಮುಟ್ಟದ ಮುಖ

“ನನ್ನ ಮಾರಿಗಿ ಏನ್ ಹಚ್ಚೀರಿ ನೀವು?”

ಮದುವೆ ಆಲ್ಬಮ್ಮು ಕೌಂಟರಿನ ಗಾಜಿನ ಮೇಲೆ ಧಪ್ಪನೆ ಬಿತ್ತು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಮಚ್ಛೇಂದ್ರ ಬೈಯುವುದಕ್ಕೆಂದೇ ತಲೆ ಎತ್ತಿದ. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಅವಳೇ. ಭಾಲ್ಕಿಯ ಚರ್ಚಿನಲ್ಲಿ ಮದುಮಗಳ ಹಿಂದೆ ಹೂ ಹಿಡಿದು ನಿಂತಿದ್ದ ತಂಗಿ. ಇಷ್ಟು ದಿನ ಪರದೆಯೊಳಗಿದ್ದವಳು ಈಗ ಬೀದರಿನ ಮೈಲೂರು ಬಡಾವಣೆಯ ಈ ಇಕ್ಕಟ್ಟು ಸ್ಟುಡಿಯೋದಲ್ಲಿ, ಹಣೆ ಬೆವರಿ, ಮೂಗಿನ ತುದಿ ನಡುಗುತ್ತ, ಎದುರಿಗೇ ನಿಂತಿದ್ದಳು. ಯಾವ ಫೋಟೋದಲ್ಲೂ ಅವಳು ಸಿಟ್ಟಾಗಿರಲಿಲ್ಲ. ಸಿಟ್ಟು ಅವಳಿಗೆ ಇಷ್ಟು ಒಪ್ಪುತ್ತದೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ?

“ನಾನು ಎಲೀನಾ. ಏಂಜಲಿನಾನ ತಂಗಿ.”

“ಗೊತ್ತದರಿ.”

“ಹ್ಯಾಂಗ ಗೊತ್ತು?”

“ಅದು... ಎಡಿಟಿಂಗ್ ನಾನೇ ಮಾಡೀನಲ್ರಿ.”

“ಹಂಗಾರ ನೀವೇ ಹೇಳ್ರಿ. ಎಲ್ಲಾ ಫೋಟೋದಾಗ ನನ್ನ ಮ್ಯಾಲೇ ಯಾಕ ಬೆಳಕು? ಮದಿವಿ ನಂದೇನು? ಅಕ್ಕನ ಅತ್ತಿ ಎಲ್ಲಾರ ಮುಂದ ಆಲ್ಬಮ್ ಹಿಡ್ಕೊಂಡು, ‘ಮದುಮಗಳು ಇಕಿನೋ ಅಕಿನೋ’ ಅಂದ್ರು. ನಾನೇ ನಿಮಗ ಹೇಳಿ ಮಾಡಿಸೀನಿ ಅಂತ ಅಕ್ಕ ತಿಳ್ಕೊಂಡಾಳ. ನನ್ನ ಜೋಡಿ ಮಾತೇ ಆಡವಲ್ಲಳು. ಐತವಾರ ಗಂಡನ ಜೋಡಿ ಪುಣೆಕ್ಕ ಹೊಂಟಾಳ್ರಿ. ಹಿಂಗೇ ಮಾತು ಬಿಟ್ಟು ಹೋದಳಂದ್ರ...”

ಅವಳು ಮುಖ ತಿರುಗಿಸಿ ಗೋಡೆಯ ಮೇಲಿನ ಮದುಮಕ್ಕಳ ಫೋಟೋಗಳನ್ನು ನೋಡತೊಡಗಿದಳು. ಎಲ್ಲರೂ ಒಂದೇ ಬಿಳಿ.

ಬೆಳಿಗ್ಗೆ ಮಾಲಕ ನರಸಿಂಗನೂ ಇದೇ ಮಾತಿಗೆ ಬೈದು ಹೋಗಿದ್ದ. “ಆ ಹುಡುಗಿ ಮ್ಯಾಲಿನ ಬೆಳಕು ತಗಿ. ಇಲ್ಲಾಂದ್ರ ಔರಾದಕ್ಕ ಹೋಗಿ ನಿಮ್ಮಪ್ಪನ ಕುರಿ ಕಾಯಿ.” ಮಚ್ಛೇಂದ್ರ ಹಲ್ಲು ಕಚ್ಚಿ ಸುಮ್ಮನಿದ್ದ. ಸಿಟ್ಟು ಅವನಿಗೆ ಹೊಸದೇನಲ್ಲ. ಒಂಬತ್ತನೇ ಈಯತ್ತೆಯಲ್ಲಿ ಮಾಸ್ತರನ ಮೇಲೆ ಕೂಗಾಡಿ ಸಾಲಿ ಬಿಟ್ಟವನು. ಬೀದರಿಗೆ ಬಂದು ಈ ಕುರ್ಚಿಯಲ್ಲಿ ಕುಳಿತ ಮೇಲಂತೂ ಸಿಟ್ಟಿಗೆ ದಿನಾಲೂ ಮೇವು. ಬಂದ ಗಿರಾಕಿಯೆಲ್ಲ ಹೇಳುವುದು ಒಂದೇ: ಜರಾ ಬೆಳ್ಳಗ ಮಾಡ್ರಿ. ದೇವರು ಕೊಟ್ಟ ಬಣ್ಣವನ್ನು ಇವರ ಮಾತು ಕೇಳಿ ಒರೆಸಿ ಒರೆಸಿ ಅವನ ಬೆರಳು ನೊಂದಿದ್ದವು.

“ನಾ ಬೆಳಕು ಹಾಕಿಲ್ರಿ” ಎಂದ.

“ಸುಳ್ಳು.”

“ಕುಂದರ್ರಿ. ತೋರಸ್ತೇನಿ.”

ಅವಳು ಕುರ್ಚಿಯ ತುದಿಯಲ್ಲಿ, ಎದ್ದು ಹೋಗುವ ತಯಾರಿಯಲ್ಲೇ ಕುಳಿತಳು. ಅವನು ಚರ್ಚಿನ ಗುಂಪು ಫೋಟೋ ತೆರೆದು ಒಂದು ಕೀಲಿ ಒತ್ತಿದ. ಸಾಲು ಮುಖಗಳ ಮೇಲೆ ಕೆಂಪು ಹರಡಿತು.

“ಅಯ್ಯ! ಏನ್ರೀ ಇದು? ಇಷ್ಟು ಮಂದಿಗಿ ಒಮ್ಮೆಲೇ ಹಿಂಗಾದ್ರ ನಮ್ಮ ವಾರ್ಡಿನ್ಯಾಗ ಜಾಗಾ ಸಾಲಂಗಿಲ್ಲ.”

ಅವಳು ನರ್ಸು ಎಂದು ಅವನಿಗೆ ತಿಳಿದದ್ದು ಆಗ. ನಗು ತಡೆಯಲಾಗಲಿಲ್ಲ. ಅವಳೂ ತುಟಿ ಕಚ್ಚಿದಳು. ಆದರೆ ಕಣ್ಣಿನಂಚಿನಿಂದ ಸ್ವಲ್ಪ ನಗು ತಪ್ಪಿಸಿಕೊಂಡಿತು.

“ಇದಕ್ಕ ಮಾಸ್ಕ್ ಅಂತಾರ್ರಿ. ಬ್ರಶ್ ಎಲ್ಲೆಲ್ಲಿ ಆಡಸ್ತೇನೋ ಅಲ್ಲಿ ಕೆಂಪು ಕಾಣ್ತದ. ಬೆಳಕು ಏರಸಿದ್ರ ಆ ಕೆಂಪಿದ್ದಲ್ಲೇ ಏರ್ತದ. ಉಳಿದದ್ದು ಹ್ಯಾಂಗಿತ್ತೋ ಹಂಗೇ ಇರ್ತದ.”

ಎಲೀನಾ ಪರದೆಯ ಹತ್ತಿರ ಬಾಗಿದಳು. ಮದುಮಗ, ಮದುಮಗಳು, ಅತ್ತೆ, ಮಾವ, ಎಲ್ಲರೂ ಕೆಂಪು. ಹೂ ಹಿಡಿದ ಒಂದು ಮುಖ ಮಾತ್ರ ಬರಿದು.

“ನನಗ ಕೆಂಪೇ ಇಲ್ಲಲ್ಲ!”

ಮುಂದಿನ ಫೋಟೋ. ಅದರ ಮುಂದಿನದು. ಅಲ್ಲೂ ಇಲ್ಲ.

“ನಿಮ್ಮ ಮ್ಯಾಲಿನ ಬೆಳಕು ಚರ್ಚಿನ ಕಿಟಕಿದ್ರಿ. ಆವತ್ತು ಎಲ್ಲಾರ ಮ್ಯಾಲೂ ಬಿದ್ದಿತ್ತು. ಉಳಿದವ್ರಿಗಿ ನಾ ಸುಣ್ಣ ಹೊಡದೀನಿ. ಅದಕ್ಕ ನೀವೊಬ್ರೇ ಎದ್ದು ಕಾಣ್ತೀರಿ.”

“ನನಗ ಯಾಕ ಹೊಡಿಲಿಲ್ಲ?”

ಮಚ್ಛೇಂದ್ರ ಮೌಸನ್ನು ಅತ್ತಿಂದಿತ್ತ ಸರಿಸಿದ.

“ಕೈ ಬರ್ಲಿಲ್ಲ.”

ಅವಳ ಕಿವಿಯ ಹಿಂದಿನಿಂದ ಹೊರಟ ಒಂದು ಬಿಸಿ ಕೆನ್ನೆಗಿಳಿದು, ಅಲ್ಲಿನ ಕಂದು ಬಣ್ಣದೊಳಗೆ ಕೆಂಪಾಗಿ ಕರಗಿದ್ದನ್ನು ಅವನು ಕಂಡ. ಯಾವ ಸಾಫ್ಟ್‌ವೇರಿಗೂ ಬರದ ಕೆಲಸ ಅದು. ಆದರೆ ಮರುಕ್ಷಣವೇ ಅವಳ ಹುಬ್ಬು ಗಂಟಾಯಿತು.

“ನಮ್ಮಕ್ಕನ ಮ್ಯಾಲ ಕೈ ಬಂತಾ?”

“ನಿಮ್ಮ ಬೀಗರು ಬೆಳ್ಳಗ ಮಾಡು ಅಂತ ಹೇಳಿದ್ರು...”

“ಹೇಳಿದ್ರ ಹೊಡದೇ ಬಿಡ್ತೀರಿ? ಮಾರಿ ನೋಡಿದ್ರ ಊರ ಮ್ಯಾಲಿನ ಸಿಟ್ಟೆಲ್ಲ ನಿಮ್ಮ ಹಂತೇಕೇ ಅದ. ಅವಾಗ ಎಲ್ಲಿ ಹೋಗಿತ್ತು ಅದು?”

ಅವನನ್ನು ಬೈದವರು ಬಹಳ ಮಂದಿ. ಹೀಗೆ ಕೇಳಿದವರು ಯಾರೂ ಇರಲಿಲ್ಲ. ಕೂಗಾಡಬಲ್ಲವನು, ಬಾಗಿಲು ಒದೆಯಬಲ್ಲವನು, ಇಲ್ಲ ಎನ್ನಬೇಕಾದಲ್ಲಿ ಮಾತ್ರ ಸುಮ್ಮನೆ ಬ್ರಶ್ ಆಡಿಸುತ್ತ ಕುಳಿತಿದ್ದ. ತಪ್ಪು ತನ್ನದೇ ಎಂದು ಹೊಳೆದಾಗ ಅವನಿಗೆ ತಲೆ ಎತ್ತಲಾಗಲಿಲ್ಲ.

“ನಿಲ್ರಿ, ಈ ಫೋಟೋ” ಎಂದಳು ಎಲೀನಾ.

ಅವರ ಅಜ್ಜಿ, ಎಡಿತ, ಮದುಮಗಳ ಕೆನ್ನೆಯ ಮೇಲೆ ಅಂಗೈ ಇಟ್ಟ ಚಿತ್ರ. ಮುಖಕ್ಕೆ ಬ್ರಶ್ ಆಡಿತ್ತು. ಕೈಗೆ ಆಡಿರಲಿಲ್ಲ.

“ನಾವು ನರ್ಸ್ ಮಂದಿ ಮೊದಲ ಕೈನೇ ನೋಡ್ತೇವಿ. ಇದನ್ನ ನೋಡ್ರಿ. ಯಾರದೋ ಕೆನ್ನಿ ಮ್ಯಾಲ ಯಾರದೋ ಕೈ ಇಟ್ಟಂಗ ಅದ. ನಮ್ಮಜ್ಜಿನೇ ನಮ್ಮಕ್ಕಗ ಹೊರಗಿನಾಕಿ ಆಗ್ಯಾಳ.”

ಎಷ್ಟು ಸಲ ಈ ಫೋಟೋ ನೋಡಿದ್ದ! ಇದು ಕಂಡೇ ಇರಲಿಲ್ಲ.

ಅವನು ಎದ್ದು ತನ್ನ ಕುರ್ಚಿ ಅವಳಿಗೆ ಬಿಟ್ಟುಕೊಟ್ಟ. “ಈ ಕೀಲಿ ಒತ್ತಿ ಹಿಡ್ಕೋರಿ. ಬ್ರಶ್ಶಿನ ನಡುವ ಪ್ಲಸ್ ಇತ್ತಲ್ಲ, ಈಗ ಮೈನಸ್ ಆತು. ಇನ್ನ ಇದು ಹಚ್ಚಂಗಿಲ್ಲ, ಒರಸ್ತದ. ಹಗೂರ... ಅಂಚು ಮೆತ್ತಗಿರ್ಲಿ. ಗಟ್ಟಿ ಮಾಡಿದ್ರ ಕತ್ತರಿಸಿ ಅಂಟಿಸಿದಂಗ ಕಾಣ್ತದ.”

“ಗಾಯ ಒರಸಿದಂಗ” ಎಂದಳು ಅವಳು ಮೆಲ್ಲಗೆ.

“ಹಾಂ. ಹಂಗೇ.”

ಕೆಂಪು ಹಿಂದೆ ಸರಿಯತೊಡಗಿತು. ಮೊದಲು ಹಣೆ ಬಂತು, ಆಮೇಲೆ ಹುಬ್ಬಿನ ಕೆಳಗಿನ ನೆರಳು. ಕೆನ್ನೆಯೆಲುಬಿನ ಮೇಲೆ ಕಿಟಕಿಯ ಬೆಳಕು ಜೇನಿನ ಹಾಗೆ ನಿಂತಿತ್ತು. ಸುಣ್ಣದ ಅಡಿಯಲ್ಲಿ ಇಷ್ಟೆಲ್ಲ ಇತ್ತೇ! ಹಾಕಿದ್ದು ಅವನೇ, ಆದರೂ ಈಗ ತೆಗೆಯುವಾಗ ಉಸಿರು ಬಿಗಿಹಿಡಿದು ನಿಂತ.

“ನಮ್ಮ ಕಡಿ ಕರಿ ಕುರಿ ಇರ್ತಾವಲ್ರಿ” ಎಂದ, ತನಗೆ ತಾನೇ ಹೇಳಿಕೊಂಡಂತೆ. “ಅದರ ಉಣ್ಣೆ ಬಿಸಿಲಿಗಿ ಹಿಡದ್ರ ಒಳಗಿಂದ ಕೆಂಪು ಹೊಳಿತದ, ಬಂಗಾರದಂಗ. ಸಣ್ಣವಿದ್ದಾಗ ಅದನ್ನೇ ನೋಡ್ಕೋತ ಕುಂದರ್ತಿದ್ದೆ. ಚರ್ಚಿನ ಫೋಟೋದಾಗ ನಿಮ್ಮನ್ನ ನೋಡಿದಾಗೂ...”

ಬ್ರಶ್ ನಿಂತಿತು. “ನನ್ನ ಕುರಿಗಿ ಹೋಲಸ್ತೀರೇನ್ರೀ?”

“ಅಲ್ರಿ! ಹಂಗಲ್ಲ...”

“ಇರ್ಲಿ ಬಿಡ್ರಿ” ಎಂದಳು ಪರದೆಯಿಂದ ಕಣ್ಣು ತೆಗೆಯದೆ. “ಚಂದಿರನಿಗಿ ಎಲ್ಲಾರೂ ಹೋಲಸ್ತಾರ. ಕುರಿಗಿ ಯಾರೂ ಹೋಲಸಿದ್ದಿಲ್ಲ.”

ಕೊನೆಯ ಕೆಂಪು ಚುಕ್ಕೆ ಹೋಯಿತು. ಅಜ್ಜಿಯ ಕೈ ಎಲ್ಲಿ ಮುಗಿಯಿತು, ಮೊಮ್ಮಗಳ ಕೆನ್ನೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ ಒಂದೇ ಬಣ್ಣ ಹರಿದಿತ್ತು. “ಐತವಾರದ ಮೊದಲ ಇದನ್ನ ಅಕ್ಕಗ ಮುಟ್ಟಸ್ರಿ” ಎಂದಳು ಎಲೀನಾ.

ಶನಿವಾರ ಮಧ್ಯಾಹ್ನ ಅವನು ಆ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಭಾಲ್ಕಿಗೆ, ಎಲೀನಾಳ ಮನೆಗೆ, ಬೈಕ್ ಓಡಿಸಿದ. ನರಸಿಂಗನಿಗೆ ಹೇಳಿಯೇ ಹೊರಟಿದ್ದ. “ಬೀಗರು ಬ್ಯಾಡ ಅಂದ್ರ ನೀ ಹೊಳ್ಳಿ ಬರಬ್ಯಾಡ” ಎಂಬ ಉತ್ತರವೂ ಸಿಕ್ಕಿತ್ತು.

ಬಾಗಿಲು ತೆರೆದವಳು ಎಲೀನಾ. ಕಣ್ಣಲ್ಲೇ ‘ತಂದ್ರಿ?’ ಎಂದಳು. ಕಣ್ಣಲ್ಲೇ ಅವನು ಹೂಂ ಎಂದ.

ಒಳಗೆ ಸೂಟ್‌ಕೇಸುಗಳ ನಡುವೆ ಏಂಜಲಿನಾ, ಪಕ್ಕದಲ್ಲಿ ಅವಳನ್ನು ಕಳಿಸಿಕೊಡಲು ಬಂದ ಅತ್ತೆ, ಮೂಲೆಯ ಮಂಚದ ಮೇಲೆ ಅಜ್ಜಿ ಎಡಿತ. ಏಂಜಲಿನಾ ತಂಗಿಯ ಕಡೆ ನೋಡದೆ ಫೋಟೋ ಈಸಿಕೊಂಡಳು.

ಅತ್ತೆ ಬಗ್ಗಿ ನೋಡಿದರು. “ಅಯ್ಯ, ಕರ್ರಗ ಆಗ್ಯದಲ್ಲ!”

ಮಚ್ಛೇಂದ್ರನಿಗೆ ಸಿಟ್ಟು ಬಂತು. ಈ ಸಲ ಕೂಗಲಿಲ್ಲ. “ತಪ್ಪು ನಂದ್ರಿ. ಆಲ್ಬಮ್ಮಿನ್ಯಾಗ ಎಲ್ಲಾರಿಗೂ ನಾನೇ ಸುಣ್ಣ ಹೊಡದಿದ್ದೆ. ಇವರ ತಂಗಿ ಏನೂ ಹೇಳಿ ಮಾಡಿಸಿಲ್ಲ, ಅವರಿಗಿ ನಾ ಏನೂ ಹಾಕೇ ಇಲ್ಲ. ಇದರಾಗ ಅಕ್ಕೋರಿಗಿ ಹೊಡದದ್ದೂ ತಗದೀವಿ, ಅಷ್ಟೇ.”

ಏಂಜಲಿನಾ ಫೋಟೋವನ್ನು ಬೆಳಕಿಗೆ ಹಿಡಿದಳು. ಅವಳ ಕೈ ತಾನಾಗಿಯೇ ಎದ್ದು, ಫೋಟೋದಲ್ಲಿ ಅಜ್ಜಿ ಇಟ್ಟ ಜಾಗದಲ್ಲೇ, ತನ್ನ ಕೆನ್ನೆಯ ಮೇಲೆ ಕುಳಿತಿತು. ಮಂಚದ ಕಡೆ ನೋಡಿದಳು. ಮತ್ತೆ ಫೋಟೋ ನೋಡಿದಳು.

“ಕರ್ರಗ ಆಗಿಲ್ರಿ ಅತ್ತಿ” ಎಂದಳು ಕೊನೆಗೆ. “ಇದು ನನ್ನ ಮಾರಿ.” ಆಮೇಲೆ, ದನಿ ಒಡೆದು: “ಎಲೀ, ಅಲ್ಲೇ ಯಾಕ ನಿಂತಿ? ಬಾ ಇಲ್ಲಿ.”

ಎಲೀನಾ ಓಡಿ ಹೋಗಿ ಅಕ್ಕನ ಹೆಗಲಿಗೆ ಮುಖ ಒತ್ತಿದಳು. ಅತ್ತೆ ಇನ್ನೊಮ್ಮೆ ಫೋಟೋ ಎತ್ತಿಕೊಂಡು, “ಹಂಗಾರ ನಂದೂ ತಗದುಬಿಡು ತಮ್ಮಾ ಆ ಸುಣ್ಣ” ಎಂದು ಗೊಣಗಿದರು.

ತಂಗಿಯನ್ನು ತಬ್ಬಿಕೊಂಡೇ ಏಂಜಲಿನಾ ಅವನತ್ತ ನೋಡಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ತುಂಟತನ. “ಎಲ್ಲಾರಿಗೂ ಹೊಡದ್ರಿ, ಇಕಿನ್ನೇ ಯಾಕ ಬಿಟ್ರಿ?”

ಸುಳ್ಳು ಹೇಳಲು ಬರುತ್ತಿತ್ತು. ಹೇಳಲಿಲ್ಲ.

“ಇವರ ಫೋಟೋ ತೆರದಾಗ ಏನೂ ಮಾಡಬೇಕು ಅನಸಲೇ ಇಲ್ರಿ. ನೋಡ್ಕೋತ ಕುಂತುಬಿಟ್ಟೆ.”

ಅಕ್ಕನ ಹೆಗಲಿನ ಮರೆಯಿಂದ ಒಂದು ಕಣ್ಣು ಮಾತ್ರ ಅವನನ್ನು ನೋಡಿತು. ಮಂಚದ ಮೇಲಿಂದ ಅಜ್ಜಿ ಕೇಳಿದಳು, “ಇಂವ ಯಾರ್ ಮಗ? ಚಾ ಕೊಟ್ಟೀರೋ ಇಲ್ಲೋ?”

ಚಹಾ ಕುಡಿದು ಹೊರಟಾಗ ಎಲೀನಾ ಗೇಟಿನವರೆಗೂ ಬಂದಳು.

“ನಾಳಿ ಅಕ್ಕನ್ನ ಸ್ಟೇಷನ್ನಿಗಿ ಬಿಡಾಕ ಹೋಗ್ತೇವಿ. ಬರ್ತೀರಿ?”

“ನಾ ಫೋಟೋ ತಗಿಯಂವ ಅಲ್ರಿ. ಎಡಿಟಿಂಗ್ ಅಷ್ಟೇ.”

“ಸುಮ್ನ ನೋಡ್ಕೋತ ನಿಂದ್ರಾಕ ಬರ್ರಿ.” ಗೇಟಿನ ಸರಳು ಹಿಡಿದು ತಲೆ ಓರೆ ಮಾಡಿದಳು. “ಅದು ನಿಮಗ ಛಲೋ ಬರ್ತದಲ್ಲ.”

ಇಳಿಬಿಸಿಲು ಅವಳ ಒಂದು ಕೆನ್ನೆಯ ಮೇಲಿತ್ತು, ಇನ್ನೊಂದು ನೆರಳಲ್ಲಿತ್ತು. ಏರಿಸುವುದಕ್ಕಾಗಲಿ ಇಳಿಸುವುದಕ್ಕಾಗಲಿ ಅಲ್ಲಿ ಏನೂ ಇರಲಿಲ್ಲ. ಮಚ್ಛೇಂದ್ರ ಬೈಕಿನ ಕೀಲಿ ಕೈಯಲ್ಲೇ ಹಿಡಿದು, ಹೊರಡಬೇಕೆಂಬುದನ್ನು ಮರೆತು, ನಿಂತೇ ಇದ್ದ.