ಬೈಟು ಮಗ್ಗಿನ ಗುರುತು

"ನನಗೆ ತಲೆ ಕೆಟ್ಟಿದೆಯೋ, ಮಗ್ ಬದಲಾಗಿದೆಯೋ, ಅಷ್ಟು ಹೇಳಿಬಿಡಿ ಶಿವಲಿಂಗಮ್ಮನವರೇ," ಎಂದು ಶಶಿಧರ ಕೇಳಿದಾಗ ರಾಜಿ ಒಗ್ಗರಣೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

ಅಮೆರಿಕದ ಐಸೆಲಿನ್ ಊರಿನ ಕಡೆಯ ಕನ್ನಡಿಗರು ಏನು ಕಳೆದುಕೊಂಡರೂ ಮೊದಲು ಬರುತ್ತಿದ್ದುದು ಶಿವಲಿಂಗಮ್ಮನ ಬಾಗಿಲಿಗೆ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ಸಾಮಾನು ತೊಳೆದು ನಿವೃತ್ತರಾದ ಅವರು ಕಲೆ ನೋಡಿಯೇ ಕತೆ ಹೇಳಬಲ್ಲವರು. ಮೇಲಿನ ಮನೆಯ ರಾಜಿ ಅವರ ಸಂಗಾತಿ. ಕಾರು ರಾಜಿಯದು, ಯೋಚನೆ ಶಿವಲಿಂಗಮ್ಮನದು.

"ಮೊದಲು ಕೂಡ್ರಿ. ಯಾವ ಮಗ್?"

ಆರು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಶಶಿಧರ ಹೆಂಡತಿ ಪಂಕಜಾ ಜೊತೆ ಜಪಾನಿಗೆ ಹೋಗಿದ್ದರು. ಅಲ್ಲಿ ಒಬ್ಬ ಕುಂಬಾರನ ಹತ್ತಿರ ಎರಡು ಮಗ್ ಕೊಂಡರು. ಕೈಯಲ್ಲೇ ಮಾಡಿದ ಬಿಳಿ ಮಗ್‌ಗಳು. ಒಂದೊಂದರ ಪಕ್ಕದಲ್ಲೂ ಹೆಬ್ಬೆರಳಿಟ್ಟು ಒತ್ತಿದ ಒಂದು ತಗ್ಗು. ಅಂದಿನಿಂದ ಬೆಳಗಿನ ಕಾಫಿ ಅದರಲ್ಲೇ. ಪಂಕಜಾ ತೀರಿಕೊಂಡು ಹತ್ತು ತಿಂಗಳಾಗಿತ್ತು. ಶಶಿಧರ ಈಗಲೂ ಎರಡೂ ಮಗ್‌ಗೆ ಕಾಫಿ ಹಾಕಿ, ತಮ್ಮದನ್ನು ಕುಡಿದು, ಅವಳದು ತಣ್ಣಗಾದ ಮೇಲೆ ಸಿಂಕಿಗೆ ಸುರಿಯುತ್ತಿದ್ದರು.

"ಮೂರು ವಾರದ ಹಿಂದೆ ಅವಳ ಮಗ್ ಎತ್ತಿದೆ. ನೋಡೋಕೆ ಅದೇ. ಹಿಡಿದ್ರೆ ಅದಲ್ಲ. ಎಲ್ರೂ ನಂಗೆ ಮರೆವು ಅಂತಾರೆ. ಕಣ್ಣಲ್ಲಿ ಬೇರೆ ಪೊರೆ. ಮುಂದಿನ ತಿಂಗಳು ಮೆಮೊರಿ ಟೆಸ್ಟಿಗೆ ಹೋಗ್ತಿದ್ದೀನಿ. ಅದು ನಿಜವಾಗಿ ಅವಳದೇ ಆಗಿದ್ರೆ..." ಅವರು ಅಂಗೈ ನೋಡಿಕೊಂಡರು. "ಅವಳನ್ನ ಈ ಕೈಯೂ ಮರೀತು ಅಂತ ತಾನೆ?"

ರಾಜಿ ಒಲೆ ಆರಿಸಿದಳು. ಶಿವಲಿಂಗಮ್ಮ ಎದ್ದು ಕೋಟು ಹಾಕಿಕೊಂಡರು.

ಶಶಿಧರರ ಅಡುಗೆಮನೆಯ ಕಿಟಕಿಯ ಬೆಳಕಿಗೆ ಎರಡೂ ಮಗ್ ಹಿಡಿದು ನೋಡಿದರು. ಒಳಗಿನ ಹೊಳಪಿನ ಲೇಪದಲ್ಲಿ ಕೂದಲೆಳೆಯಂಥ ಬಿರುಕುಗಳು. ಕಾಫಿ ಇಳಿದು ಅವು ಕಂದು ಬಣ್ಣಕ್ಕೆ ತಿರುಗಿದ್ದವು. ಶಶಿಧರರ ಮಗ್ಗಿನಲ್ಲಿ ಕಂದು ಗೆರೆಗಳು ಅರ್ಧಕ್ಕೇ ನಿಂತು, ಮೇಲೆ ಬೆಳ್ಳಗಿತ್ತು. ಪಂಕಜಾರದರಲ್ಲಿ ಬಾಯಿಯವರೆಗೂ ಏರಿದ್ದವು.

"ಆಂಟಿ, ಅವರ ಹೆಂಡತಿ ಕಾಫಿ ಜಾಸ್ತಿ ಕುಡೀತಿದ್ರು ಅನ್ಸುತ್ತೆ," ಎಂದಳು ರಾಜಿ.

"ಅನಸ್ಲಿ ಬಿಡು," ಎಂದರು ಶಿವಲಿಂಗಮ್ಮ.

ಆ ಮನೆಗೆ ಬೀಗದ ಕೈ ಇದ್ದವರು ಇನ್ನು ಮೂವರೇ. ಶಿವಲಿಂಗಮ್ಮ ಮೂವರಿಗೂ ಕೇಳಿದ್ದು ಒಂದೇ ಪ್ರಶ್ನೆ: ಮುಂಜಾನೆ ಶಶಿಧರರು ಏನು ಮಾಡ್ತಾರ?

ಪಕ್ಕದ ಮನೆಯ ಮಾರ್ಗರೆಟ್ ಮಂಗಳೂರಿನವರು, ಶನಿವಾರ ಶನಿವಾರ ಕುಂಬಾರಿಕೆ ಕ್ಲಾಸಿಗೆ ಹೋಗುವವರು. "ಎಂತ ಮಾಡುದು ಮಾರ್ರೆ, ಅರ್ಧ ಮಗ್ ಕಾಫಿ ಹಿಡ್ಕೊಂಡು ಒಂದು ಗಂಟೆ ಕೂತ್ಕೊಳ್ತಾರೆ. ಮೊದ್ಲು ಇಬ್ರೂ ಹಾಗೇ. ತುಂಬ ಹಾಕಿ ಕುಡೀರಿ ಅಂತ ನಾನು ತಮಾಷೆ ಮಾಡ್ತಿದ್ದೆ."

ಶಶಿಧರರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ದರ್ಶನ್ ಹೋದ ತಿಂಗಳಷ್ಟೇ ಆ ಸಿಂಕಿನಲ್ಲಿ ಎರಡು ತಟ್ಟೆ ಒಡೆದಿದ್ದ. "ಮಗ್ ನಾನು ಮುಟ್ಟೇ ಇಲ್ಲ ಆಂಟಿ, ಪ್ರಾಮಿಸ್! ಅಂಕಲ್ ಈಗ್ಲೂ ಬೈಟು ಮಾಡ್ತಾರೆ. ನೋಡಿದ್ರೆ ತುಂಬಾ ಬೇಜಾರಾಗುತ್ತೆ."

ಮಗಳು ಶ್ರಿಯಾ ಹುಟ್ಟಿದ್ದು ಇಲ್ಲೇ. ಆ ಮಗ್‌ಗಳು ಬರುವ ಮೊದಲೇ, ಹದಿನೆಂಟಕ್ಕೆ ಕಾಲೇಜಿಗೆಂದು ಮನೆ ಬಿಟ್ಟವಳು, ಈಗ ಭಾನುವಾರ ಮಧ್ಯಾಹ್ನದ ಊಟಕ್ಕೆ ಡ್ರೈವ್ ಮಾಡಿಕೊಂಡು ಬರುತ್ತಾಳೆ. "ಅಮ್ಮನ ಮಗ್ ಫುಲ್ ಕಾಫಿ ಹಾಕಿ, ಆಮೇಲೆ ಸಿಂಕಿಗೆ ಚೆಲ್ತಾರಂತೆ. ಫೋನಲ್ಲಿ ಹೇಳ್ತಿರ್ತಾರೆ. ಇಟ್ಸ್ ಹಾರ್ಟ್‌ಬ್ರೇಕಿಂಗ್, ಆಂಟಿ."

ಮರುಭಾನುವಾರ ಊಟವಾದ ಮೇಲೆ ಶಿವಲಿಂಗಮ್ಮ ಎಲ್ಲರನ್ನೂ ಅಡುಗೆಮನೆಯ ಮೇಜಿನ ಸುತ್ತ ಕೂರಿಸಿದರು. ನಡುವೆ ಎರಡು ಮಗ್.

"ಶಶಿಧರ ಅವ್ರ, ನಿಮ್ಮ ತಲಿ ನೆಟ್ಟಗ ಐತಿ. ಮಗ್ ಬದಲಾಗೇತಿ."

ಶಶಿಧರ ಕಣ್ಣು ಮುಚ್ಚಿಕೊಂಡರು.

"ಸ್ಟೆಂಟ್ ಹಾಕಿದ ಮ್ಯಾಲ ಡಾಕ್ಟ್ರು ಕಾಫಿ ಕಡಿಮಿ ಮಾಡ್ರಿ ಅಂದ್ರು. ಅವತ್ತಿನಿಂದ ಗಂಡ ಹೆಂಡ್ತಿ ಒಂದ ಕಾಫಿ ಮಾಡಿ ಎರಡು ಮಗ್ಗಿಗೆ ಹಂಚಿಕೊಂಡ್ರು. ಬೈಟು. ಆರು ವರ್ಷದಾಗ ಈ ಮಗ್ ಒಂದ ದಿನಾನೂ ಅರ್ಧ ದಾಟಿಲ್ಲ. ಅದಕ್ಕ ಇವರ ಮಗ್ಗಿನ್ಯಾಗ ಕಲೆ ಅರ್ಧಕ್ಕ ನಿಂತೇತಿ. ಪಂಕಜಾ ಅವ್ರದೂ ಹಂಗ ನಿಲ್ಲಬೇಕಿತ್ತು. ಆದ್ರ ಇದು ಬಾಯಿತನಕ ಕಂದು."

ರಾಜಿಗೆ ತನ್ನ ಮಾತು ನೆನಪಾಗಿ ನಾಚಿಕೆಯಾಯಿತು.

"ಯಾರೋ ಅಂಥಾದ್ದ ಹೊಸಾ ಮಗ್ ತರಿಸಿ, ಹಳೇದರಂಗ ಕಾಣ್ಲಿ ಅಂತ ಕಾಫಿ ತುಂಬಿಸಿ ನೆನಿ ಹಾಕ್ಯಾರ. ಮಾರ್ಗರೆಟ್‌ಗೆ ಅರ್ಧ ಅನ್ನೋದು ಗೊತ್ತು, ದರ್ಶನ್‌ಗೆ ಬೈಟು ಗೊತ್ತು. ಅವರಾಗಿದ್ರ ಅರ್ಧಕ್ಕ ನಿಲ್ಲಿಸ್ತಿದ್ರು. ಫುಲ್ ಅಂದಾಕಿ ಒಬ್ಬಾಕಿನ. ಮುಂಜಾನೆ ಕಾಫಿ ಹೊತ್ತಿಗೆ ಈ ಮನ್ಯಾಗ ಎಂದೂ ಇರದಾಕಿ." ದನಿ ಮೆತ್ತಗಾಯಿತು. "ಹೌದಲ್ಲವಾ, ಶ್ರಿಯಾ?"

ಶ್ರಿಯಾ ಬ್ಯಾಗಿನಿಂದ ಅಮ್ಮನ ಉಣ್ಣೆ ಟೋಪಿ ತೆಗೆದಳು. ಅದರೊಳಗೆ ಮಗ್ ಇತ್ತು. ಅರ್ಧಕ್ಕೆ ಕಂದು, ಮೇಲೆ ಬಿಳಿ.

"ಆ ಕುಂಬಾರನಿಗೆ ಇಮೇಲ್ ಮಾಡಿ ಇನ್ನೊಂದು ತರಿಸ್ದೆ. ಅಮ್ಮ ಹೆಬ್ಬೆರಳಿಡ್ತಿದ್ದ ಜಾಗದಲ್ಲಿ ನನ್ನದೂ ಕರೆಕ್ಟಾಗಿ ಕೂರುತ್ತೆ, ಅಪ್ಪಾ. ಐ ಜಸ್ಟ್ ವಾಂಟೆಡ್ ಟು ಹೋಲ್ಡ್ ಇಟ್."

"ಕೇಳಿದ್ರೆ ಕೊಡ್ತಿರ್ಲಿಲ್ವೇನೇ?"

"ದಿನಾ ಅದರ ಜೊತೆ ಕೂತು ಕಾಫಿ ಕುಡೀತೀರಿ. ಹೇಗೆ ಕೇಳ್ಲಿ?"

"ಟೆಸ್ಟಿಗೆ ಹೋಗ್ತೀನಿ ಅಂದಾಗ್ಲೂ ಸುಮ್ನಿದ್ಯಲ್ಲೇ."

"ಪ್ರತಿ ಸಂಡೇ ಹೇಳ್ಬೇಕು ಅಂತ್ಲೇ ಇದನ್ನ ತರ್ತಿದ್ದೆ. ನಿಮ್ಮ ಮುಖ ನೋಡಿ ಬಾಯಿ ಬರ್ಲಿಲ್ಲ. ಐ ಆಮ್ ಸೋ ಸಾರಿ, ಅಪ್ಪಾ."

ಮಾರ್ಗರೆಟ್ ಮೂಗು ಒರೆಸಿಕೊಂಡರು. ದರ್ಶನ್ ಮೇಜಿನ ಮೇಲೆ ಕೈ ಕೂಡ ಇಡದೆ ಕೂತಿದ್ದ.

ಶಶಿಧರ ಹಳೆಯ ಮಗ್ಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಗ್ಗಿನ ಮೇಲೆ ಹೆಬ್ಬೆರಳಾಡಿಸಿದರು. "ಇದೇ," ಎಂದರು. "ಕೈ ಮರೆತಿಲ್ಲ." ಆಮೇಲೆ ಎದ್ದು ಹಾಲು ಕಾಯಿಸಿ, ಬೆಳಗಿನ ಡಿಕಾಕ್ಷನ್ ಬೆರೆಸಿ, ಎರಡು ಹಳೆಯ ಮಗ್‌ಗೂ ಹಾಕಿದರು. ಹೆಂಡತಿಯ ಮಗ್ಗನ್ನು ಮಗಳ ಮುಂದಿಟ್ಟರು.

ಶ್ರಿಯಾ ಒಳಗೆ ಇಣುಕಿದಳು. "ಇಷ್ಟೇನಾ?"

"ಬೈಟು ಅಂದ್ರೆ ಇಷ್ಟೇ ಕಣೇ. ಬಿಸಿ ಇರುವಾಗ್ಲೇ ಕುಡಿ. ಬೆಳಿಗ್ಗೆ ಬೇಗ ಬಂದ ದಿನ ಇದು ನಿಂದು. ಮಿಕ್ಕ ದಿನ ನಂದು."

ಎಲ್ಲರೂ ಎದ್ದ ಮೇಲೆ ರಾಜಿ ಪಾತ್ರೆ ತೊಳೆಯಲು ನಿಂತಳು. ಹತ್ತು ತಿಂಗಳಲ್ಲಿ ಮೊದಲ ಸಲ ಆ ಮಗ್ ಖಾಲಿಯಾಗಿ ಸಿಂಕಿಗೆ ಬಂದಿತ್ತು.