ಮೂವತ್ತೆರಡು ಸಾಲಿನ ತೇಪೆ

“ಈ ತೇಪೆ ಹಚ್ಚಿದ ಮಹಾನುಭಾವರು ಯಾರು?”

ಅವಳು ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ಮೀಟಿಂಗ್‌ನಲ್ಲಿ ಅವಳ ಮಾತಿಗೆ ಎಲ್ಲರೂ ಗೊಳ್ಳೆಂದು ನಕ್ಕರು. ಪರದೆಯ ಮೇಲೆ ಮೂವತ್ತೆರಡು ಸಾಲು ಕೋಡ್. ಕಂಪನಿಯ ಸಾಫ್ಟ್‌ವೇರ್ ಹಳೇ ಕಾಲದ ಕಂಪ್ಯೂಟರಿನಲ್ಲೂ ಓಡಲಿ ಎಂದು ಯಾರೋ ಸೇರಿಸಿದ್ದು. ಅಂಥದ್ದನ್ನೆಲ್ಲ ಕಿತ್ತುಹಾಕುವುದೇ ಅವಳ ಕೆಲಸ.

ಮೂಲೆಯಲ್ಲಿ ಒಬ್ಬ ಕೈ ಎತ್ತಿದ. “ನಾನೇ. ಒಂದು ಕಂಪ್ಯೂಟರ್‌ನಲ್ಲಿ ಇನ್ನೂ ಹಳೇ ಸಿಸ್ಟಮ್ ಇದೆ. ಎರಡು ವಾರ ಟೈಮ್ ಕೊಟ್ರೆ…”

“ಒಂದಕ್ಕೋಸ್ಕರ ಎಲ್ಲರೂ ಕಾಯ್ಬೇಕಾ? ಹಳೇದರ ಮೇಲೆ ಅಷ್ಟೊಂದು ಮೋಹವಾ, ತೇಪೆ ಸಾಹೇಬ್ರೇ?”

ಮತ್ತೆ ನಗು! ಅದು ಯಾರ ಕಂಪ್ಯೂಟರ್ ಎಂದು ಕೇಳುವ ವ್ಯವಧಾನವೂ ಅವಳಿಗಿರಲಿಲ್ಲ. ಆ ಸಾಲುಗಳನ್ನು ಅಳಿಸಿಯೇಬಿಟ್ಟಳು. ಅವನು ಅವಳನ್ನೇ ನೋಡಿದ. ಅವಳ ಎದೆ ಯಾಕೋ ಢವಢವ ಎಂದಿತು. ‘ಅವನಿಗೆ ಕೋಪ ಬಂದಿರಬೇಕು… ಬರಲಿ ಬಿಡು!’

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲಲ್ಲೇ ಅವಳ ಕಾಲು ನಿಂತಿತು.

ಬಂದ ಕರೆಗಳನ್ನು ಜೋಡಿಸಿಕೊಡುವ, ಕಣ್ಣು ಕಾಣದ ಟೆಲಿಫೋನ್ ಅಕ್ಕನ ಮುಂದೆ ಫೋನುಗಳು ಒಂದೇ ಸಮನೆ ಕಿರುಚುತ್ತಿದ್ದವು. ನಂಬರುಗಳನ್ನು ಓದಿ ಹೇಳುತ್ತಿದ್ದ ಅಕ್ಕನ ಹಳೇ ಕಂಪ್ಯೂಟರ್ ಮಾತು ನಿಲ್ಲಿಸಿತ್ತು. ಪಕ್ಕದಲ್ಲಿ ಮಂಡಿಯೂರಿದ ಅವನು ಒಂದೊಂದೇ ನಂಬರು ಓದಿ ಹೇಳುತ್ತಿದ್ದ.

“ಯಾರಮ್ಮಾ ಅಲ್ಲಿ? ಯಾರೋ ಏನೋ ಅಳಿಸಿದ್ರಂತೆ,” ಎಂದಳು ಅಕ್ಕ. “ಕೇಳಿದ್ರೆ ಇವರು ‘ನಂದೇ ತಪ್ಪು’ ಅಂತಾರೆ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

“ಇವರಲ್ಲ ಅಕ್ಕಾ… ಅಳಿಸಿದ್ದು ನಾನು.”

ಸಾಲುಗಳನ್ನು ವಾಪಸ್ ಹಾಕಿದಳು. ನಿನ್ನೆ ನಕ್ಕವರನ್ನೆಲ್ಲ ಕೂರಿಸಿ ಅವನ ಕ್ಷಮೆ ಕೇಳಿದಳು. ಆಮೇಲೆ ಎರಡು ವಾರ ಇಬ್ಬರೂ ಒಂದೇ ಮೇಜಿನಲ್ಲಿ ಕೂತರು. ಹೊಸ ಕಂಪ್ಯೂಟರ್ ಅಕ್ಕನಿಗೆ ನಂಬರು ಓದಿ ಹೇಳುವಂತಾಯಿತು. ಅಷ್ಟು ದಿನವೂ ಅವಳು ಅವನ ಮುಖ ನೋಡಲಿಲ್ಲ.

“ಈಗ ಆ ತೇಪೆ ಅಳಿಸಿ,” ಎಂದ ಅವನು.

ಈ ಸಲ ಅವಳ ಬೆರಳು ತಡವರಿಸಿತು. ಅಳಿಸಿ, ತಲೆ ತಗ್ಗಿಸಿಯೇ ಕೇಳಿದಳು. “ಅವತ್ತು ಅಕ್ಕನ ಹತ್ರ ನನ್ನ ಹೆಸರು ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಾಚಿಕೆಯಿಂದ ನೀವು ಕೆಲಸಾನೇ ಬಿಟ್ಟು ಹೋಗ್ತೀರೇನೋ ಅನ್ನಿಸ್ತು. ನನಗೆ… ಮಾರನೇ ದಿನಾನೂ ನಿಮ್ಮನ್ನ ನೋಡ್ಬೇಕಿತ್ತು.”

ಅವಳ ಕಣ್ಣು ತುಂಬಿಬಂತು. “ಅಷ್ಟು ಅವಮಾನ ಮಾಡಿದೋಳನ್ನಾ?”

“ಹ್ಞೂಂ.”

“ಮಾರನೇ ದಿನ ಮಾತ್ರಾನಾ?”

“ತಲೆ ಎತ್ತಿ ಕೇಳಿ, ಹೇಳ್ತೀನಿ.”

ಅವಳು ತಲೆ ಎತ್ತಿದಳು.